ಸ್ಥಳನಾಮಗಳ ಪದಾಂತ್ಯ ಮತ್ತು ಗಣಕಸೂತ್ರ: ಬಳ್ಳಾರಿ, ಸಿರುಗುಪ್ಪ, ಕುರುಗೋಡು

1. ಪ್ರವೇಶ

ಕನ್ನಡದಲ್ಲಿ ಸ್ಥಳನಾಮವು ವಾಕ್ಯದೊಳಗೆ ಬಂದಾಗ ಮೂಲರೂಪದಲ್ಲಿಯೇ ಉಳಿಯುವುದು ವಿರಳ. ವಿಭಕ್ತಿ ಪ್ರತ್ಯಯ ಸೇರಿದೊಡನೆ ಅದರ ಅಂತ್ಯ ಮಾರ್ಪಡುತ್ತದೆ. ಶಾಸನಪಾಠ, ಕೈಫಿಯತ್ತು, ಗ್ಯಾಸೆಟಿಯರ್‌ಗಳನ್ನು ಗಣಕಕ್ಕೆ ಅಳವಡಿಸಿ ಊರುಗಳ ಅಕಾರಾದಿಯನ್ನು ಸಿದ್ಧಪಡಿಸುವವರಿಗೆ ಇದೊಂದು ಮುಖ್ಯ ತೊಡಕು. ‘ಕುರುಗೋಡು’ ಎಂದು ಹುಡುಕಿದರೆ ‘ಕುರುಗೋಡಿನಲ್ಲಿ’, ‘ಕುರುಗೋಡಿಗೆ’ ಎಂಬ ರೂಪಗಳು ದೊರೆಯುವುದಿಲ್ಲ. ಪದಾಂತ್ಯವನ್ನು ಬದಲಿಸಿ ಮೂಲರೂಪ ಪಡೆಯುವ ಕಿರುಸೂತ್ರವನ್ನು ಪೈತಾನ್ ಭಾಷೆಯನ್ನು ಹೊಸದಾಗಿ ಕಲಿತವರೂ ಬರೆಯಬಹುದು. ಅಂತಹ ಸೂತ್ರ ಎಲ್ಲಿಯವರೆಗೆ ನಂಬಲರ್ಹ ಎಂಬುದನ್ನು ವ್ಯಾಕರಣದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂರು ಊರು, ಮೂರು ಅಂತ್ಯ

ಬಳ್ಳಾರಿ ಇಕಾರಾಂತ, ಸಿರುಗುಪ್ಪ ಅಕಾರಾಂತ, ಕುರುಗೋಡು ಉಕಾರಾಂತ. ಇವುಗಳ ರೂಪಗಳನ್ನು ಹೀಗೆ ಹೋಲಿಸಬಹುದು.

ದ್ವಿತೀಯಾ: ಬಳ್ಳಾರಿಯನ್ನು, ಸಿರುಗುಪ್ಪವನ್ನು, ಕುರುಗೋಡನ್ನು
ಚತುರ್ಥೀ: ಬಳ್ಳಾರಿಗೆ, ಸಿರುಗುಪ್ಪಕ್ಕೆ, ಕುರುಗೋಡಿಗೆ
ಷಷ್ಠೀ: ಬಳ್ಳಾರಿಯ, ಸಿರುಗುಪ್ಪದ, ಕುರುಗೋಡಿನ
ಸಪ್ತಮೀ: ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ

ದ್ವಿತೀಯೆಯೊಂದರಲ್ಲಿಯೇ ಯಕಾರಾಗಮ, ವಕಾರಾಗಮ, ಉಕಾರಲೋಪ ಮೂರೂ ಕಾಣುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲದಿಂದ ಕನ್ನಡ ವೈಯಾಕರಣರಿಗೆ ಪರಿಚಿತವಾದ ಲೋಪ, ಆಗಮ, ಆದೇಶಗಳೇ ಗಣಕದ ಪರಿಭಾಷೆಯಲ್ಲಿ ಅಳಿಸುವಿಕೆ, ಸೇರಿಸುವಿಕೆ, ಬದಲಿಸುವಿಕೆ ಎನಿಸಿಕೊಳ್ಳುತ್ತವೆ.

3. ಗಣಕ ಕಾಣುವ ಅಂತ್ಯ

ಯುನಿಕೋಡ್‌ನಲ್ಲಿ ‘ಕುರುಗೋಡು’ ಎಂಟು ಸಂಕೇತಗಳ ಸರಣಿ. ಕೊನೆಯದು ಕೊಂಬಿನ ಚಿಹ್ನೆ. ‘ಸಿರುಗುಪ್ಪ’ದಲ್ಲಿ ಒಂಬತ್ತು ಸಂಕೇತಗಳಿದ್ದರೂ ಅಂತ್ಯದ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ, ಅದು ಪಕಾರದಲ್ಲಿಯೇ ಅಡಗಿದೆ. ಆದ್ದರಿಂದ ಕೊನೆಯ ಸಂಕೇತ ವ್ಯಂಜನವಾಗಿದ್ದರೆ ಪದವು ಅಕಾರಾಂತವೆಂದು ಸೂತ್ರಕ್ಕೆ ತಿಳಿಸಬೇಕಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿರುವ ಕಡತಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಅವಶ್ಯ.

4. ಆಜ್ಞೆಗಳ ಆಯ್ಕೆ

‘ರೀಪ್ಲೇಸ್’ ಆಜ್ಞೆಯು ಪದದ ಅಂತ್ಯವನ್ನು ಮಾತ್ರ ನೋಡುವುದಿಲ್ಲ. ಕೊಂಬಿನ ಸ್ಥಾನದಲ್ಲಿ ಗುಡಿಸನ್ನು ಇಡುವಂತೆ ವಿಧಿಸಿದರೆ ‘ಕುರುಗೋಡು’ ಎಂಬುದು ‘ಕಿರಿಗೋಡಿ’ ಎಂದಾಗುತ್ತದೆ. ‘ಆರ್‌ಸ್ಟ್ರಿಪ್’ ಆಜ್ಞೆಯದು ಇನ್ನೊಂದು ಬಗೆಯ ಅಪಾಯ. ಅದಕ್ಕೆ ಕೊಟ್ಟ ‘ಯಲ್ಲಿ’ ಎಂಬುದನ್ನು ಅದು ಪ್ರತ್ಯಯವೆಂದು ಗ್ರಹಿಸದೆ ಬಿಡಿ ಸಂಕೇತಗಳ ಗುಂಪೆಂದು ಗ್ರಹಿಸುತ್ತದೆ. ಆ ಗುಂಪಿನಲ್ಲಿ ಗುಡಿಸೂ ಇರುವುದರಿಂದ ‘ಬಳ್ಳಾರಿಯಲ್ಲಿ’ ಎಂಬುದು ‘ಬಳ್ಳಾರ’ ಎಂದು ಉಳಿಯುತ್ತದೆ. ಅಂತ್ಯವನ್ನು ಇಡಿಯಾಗಿ ತೆಗೆಯುವ ‘ರಿಮೂವ್‌ಸಫಿಕ್ಸ್’ ಆಜ್ಞೆ 2020ರಲ್ಲಿ ಬಂದ ಪೈತಾನ್ 3.9ರಿಂದ ಲಭ್ಯವಿದೆ, ಈ ಕಾರ್ಯಕ್ಕೆ ಅದೇ ಯುಕ್ತ.

ನಿಯಮಗಳ ಅನುಕ್ರಮವೂ ಮುಖ್ಯ. ‘ಲ್ಲಿ’ ಎಂಬುದನ್ನೇ ಮೊದಲು ತೆಗೆದರೆ ‘ಬಳ್ಳಾರಿಯ’, ‘ಸಿರುಗುಪ್ಪದ’, ‘ಕುರುಗೋಡಿನ’ ಎಂಬ ಷಷ್ಠೀರೂಪಗಳು ಉಳಿಯುತ್ತವೆ. ಆದ್ದರಿಂದ ದೀರ್ಘವಾದ ಅಂತ್ಯಗಳನ್ನು ಮೊದಲು ಪರೀಕ್ಷಿಸಬೇಕು: ‘ಇನಲ್ಲಿ’ ಕಂಡರೆ ಅದನ್ನು ತೆಗೆದು ಉಕಾರವನ್ನು ಸೇರಿಸಬೇಕು, ‘ಯಲ್ಲಿ’, ‘ದಲ್ಲಿ’ ಕಂಡರೆ ತೆಗೆದರೆ ಸಾಕು.

5. ಹಿಂದಿರುಗುವ ದಾರಿಯ ಸಮಸ್ಯೆ

ಸಪ್ತಮಿಯಲ್ಲಿ ಸಫಲವಾಗುವ ಈ ಕ್ರಮ ಚತುರ್ಥಿಯಲ್ಲಿ ಸೋಲುತ್ತದೆ. ‘ಬಳ್ಳಾರಿಗೆ’, ‘ಕುರುಗೋಡಿಗೆ’ ಎರಡೂ ‘ಇಗೆ’ ಎಂದೇ ಮುಗಿಯುತ್ತವೆ. ಮೊದಲನೆಯದರಲ್ಲಿ ಇಕಾರವು ಪ್ರಕೃತಿಯದು. ಎರಡನೆಯದರಲ್ಲಿ ಉಕಾರದ ಸ್ಥಾನದಲ್ಲಿ ಬಂದದ್ದು. ‘ಗೆ’ಯನ್ನು ಮಾತ್ರ ತೆಗೆದರೆ ‘ಕುರುಗೋಡಿ’ ಎಂಬ ಇಲ್ಲದ ಊರು ಹುಟ್ಟುತ್ತದೆ. ಇಕಾರವನ್ನೂ ತೆಗೆದು ಉಕಾರವನ್ನು ಸೇರಿಸಿದರೆ ಬಳ್ಳಾರಿಯು ‘ಬಳ್ಳಾರು’ ಆಗುತ್ತದೆ. ಕಂಪ್ಲಿಗೆ, ಸಂಡೂರಿಗೆ ಎಂಬ ರೂಪಗಳದೂ ಇದೇ ಸ್ಥಿತಿ. ಷಷ್ಠಿಯ ‘ಇನ’ ನಿಯಮವನ್ನು ಎಲ್ಲ ಪದಗಳಿಗೂ ಅನ್ವಯಿಸಿದರೆ ‘ದಿನ’ವು ‘ದು’ ಆಗುತ್ತದೆ. ‘ದಲ್ಲಿ’ ನಿಯಮದಿಂದ ‘ಬಂದಲ್ಲಿ’ ಎಂಬುದು ‘ಬಂ’ ಎಂದಷ್ಟೇ ಉಳಿಯುತ್ತದೆ.

ಪ್ರಕೃತಿಯ ಅಂತ್ಯ ತಿಳಿದಿದ್ದರೆ ಪ್ರತ್ಯಯರೂಪವನ್ನು ಈ ಹೆಸರುಗಳಲ್ಲಿ ನಿಶ್ಚಯವಾಗಿ ಹೇಳಬಹುದು. ಪ್ರತ್ಯಯರೂಪದ ಅಂತ್ಯವೊಂದರಿಂದಲೇ ಪ್ರಕೃತಿಯನ್ನು ನಿಶ್ಚಯಿಸಲಾಗದು. ಆದ್ದರಿಂದ ಸೂತ್ರವನ್ನು ಮುಂದುಮುಖವಾಗಿಯೇ ನಡೆಸುವುದು ಲೇಸು. 2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟ ಬಳಿಕ ಬಳ್ಳಾರಿ ಜಿಲ್ಲೆಯಲ್ಲಿ ಉಳಿದ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳ ಹೆಸರಿನಿಂದ ಪಟ್ಟಿಯನ್ನು ಆರಂಭಿಸಬಹುದು. ಪ್ರತಿ ಹೆಸರಿಗೂ ದ್ವಿತೀಯೆಯಿಂದ ಸಪ್ತಮಿಯವರೆಗಿನ ರೂಪಗಳನ್ನು ಸೂತ್ರವೇ ರಚಿಸಿ, ಒಂದೊಂದರ ಎದುರಿಗೂ ಮೂಲರೂಪವನ್ನು ದಾಖಲಿಸಲಿ. ಅನಂತರ ಪಠ್ಯದ ಪದಗಳನ್ನು ಈ ಕೋಷ್ಟಕದೊಡನೆ ಹೋಲಿಸಬೇಕು. ‘ಬಳ್ಳಾರಿಯಲ್ಲಿಯೇ’, ‘ಸಿರುಗುಪ್ಪದಲ್ಲೂ’ ಮುಂತಾಗಿ ಹೆಸರಿನ ಪೂರ್ವಭಾಗ ಹೊಂದಿಯೂ ಅಂತ್ಯ ಹೊಂದದ ಪದಗಳನ್ನು ತಿದ್ದದೆ ಬೇರೆ ಕಡತದಲ್ಲಿ ಇರಿಸಿ, ಸಂಶೋಧಕರೇ ಓದಿ ನಿರ್ಣಯಿಸಬೇಕು.

6. ಸಮಾರೋಪ

ಅಕಾರಾದಿಯೊಳಗೆ ಒಮ್ಮೆ ಸೇರಿದ ‘ಕುರುಗೋಡಿ’ಯು ಮುಂದಿನ ಅಧ್ಯಯನಗಳಲ್ಲಿ ಪ್ರತ್ಯೇಕ ಊರಾಗಿ ಎಣಿಕೆಗೆ ಬರಬಹುದು, ಅಷ್ಟರ ಮಟ್ಟಿಗೆ ಕುರುಗೋಡಿನ ಉಲ್ಲೇಖಗಳ ಸಂಖ್ಯೆ ಕುಗ್ಗುತ್ತದೆ. ಸ್ಥಳನಾಮಗಳಲ್ಲಿ ಅಂತ್ಯವೇ ವರ್ಗೀಕರಣಕ್ಕೆ ಮುಖ್ಯ ಆಧಾರವಾದುದರಿಂದ ಈ ದೋಷವನ್ನು ಸಣ್ಣದೆಂದು ಬಿಡುವಂತಿಲ್ಲ. ಗಣಕಸೂತ್ರ ಬರೆಯಲು ಬೇಕಾದ ಆಜ್ಞೆಗಳು ಕೆಲವೇ. ಯಾವ ಅಂತ್ಯಕ್ಕೆ ಯಾವ ಆಗಮ, ಎಲ್ಲಿ ಲೋಪ ಎಂಬ ನಿರ್ಣಯ ಕನ್ನಡ ಅಧ್ಯಾಪಕರದು. ಸಂಧಿ, ವಿಭಕ್ತಿಗಳ ಪಾಠದೊಡನೆ ಇಂತಹ ಒಂದು ಸೂತ್ರವನ್ನು ಸ್ನಾತಕೋತ್ತರ ತರಗತಿಗಳಲ್ಲಿ ಅಭ್ಯಾಸ ಮಾಡಿಸಿದರೆ ವ್ಯಾಕರಣ, ಸಂಶೋಧನೆ ಎರಡಕ್ಕೂ ಪ್ರಯೋಜನವಾಗುತ್ತದೆ.