ಹಳೆಯ ಜಾಗ್ವಾರ್ ಇ-ಟೈಪಿಗೆ ಟೈರ್ ಆರಿಸುವ ಕ್ರಮ

1961ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಬೆಳಕಿಗೆ ಬಂದ ಜಾಗ್ವಾರ್ ಇ-ಟೈಪ್, ದೂರದ ಊರಿಗೆ ವೇಗವಾಗಿಯೂ ಸುಖವಾಗಿಯೂ ಸಾಗಲೆಂದು ರೂಪುಗೊಂಡ ಬ್ರಿಟಿಷ್ ‘ಗ್ರ್ಯಾಂಡ್ ಟೂರರ್’ ಕಾರುಗಳ ಸಾಲಿನಲ್ಲಿ ಬಹಳ ಹೆಸರಾದದ್ದು. ಇದರ ಸಸ್ಪೆನ್ಷನ್, ಅಂದರೆ ರಸ್ತೆಯ ಏರುಪೇರು ಒಳಗೆ ಕುಳಿತವರಿಗೆ ತಾಗದಂತೆ ತಡೆಯುವ ವ್ಯವಸ್ಥೆ, ಅಂದಿನ ಕಿರಿದಾದ ಎತ್ತರದ ಟೈರುಗಳನ್ನು ಲೆಕ್ಕದಲ್ಲಿಟ್ಟುಕೊಂಡೇ ರಚನೆಯಾಗಿರುವುದರಿಂದ, ಸುಲಭವಾಗಿ ಸಿಗುವ 15 ಇಂಚಿನ ಯಾವುದೋ ಟೈರನ್ನು ತೊಡಿಸಿದರೆ ಕಾರಿನ ನಡಿಗೆಯೇ ಕೆಡುತ್ತದೆ.

ಮೊದಲು ಕಾರು ಯಾವ ಕಾಲದ್ದೆಂದು ಖಚಿತಪಡಿಸಿಕೊಳ್ಳಬೇಕು. ಆರಂಭದ 3.8 ಲೀಟರ್ ಕಾರುಗಳಿಗೆ 6.40-15 ಅಳತೆಯ ಡನ್‌ಲಪ್ ಕ್ರಾಸ್‌ಪ್ಲೈ ಟೈರುಗಳಿದ್ದವು. ನಂತರದ ಆರು ಸಿಲಿಂಡರಿನ ಕಾರುಗಳಿಗೆ 185ವಿಆರ್15 ಅಳತೆಯ ರೇಡಿಯಲ್ ಬಂದಿತು. 1971ರ ವಿ12 ಮಾದರಿಗೆ ಇನ್ನೂ ಅಗಲವಾದವು ಬೇಕಾದವು. ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯ್ದಿದ್ದರೆ ಅದು ಕ್ರಾಸ್‌ಪ್ಲೈ. ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗಿ, ಅವುಗಳ ಮೇಲೆ ಬಿಗಿಯಾದ ಪಟ್ಟಿಯೊಂದು ಸುತ್ತಿಕೊಂಡಿದ್ದರೆ ಅದು ರೇಡಿಯಲ್. ಇಷ್ಟು ವರ್ಷಗಳಲ್ಲಿ ಚಕ್ರಗಳೇ ಬದಲಾಗಿರಬಹುದಾದ ಕಾರಣ ರಿಮ್ಮಿನ ಅಗಲವನ್ನೂ ಅಳೆದು ನೋಡುವುದು ಅಗತ್ಯ.

ಎರಡನೆಯ ಕೆಲಸ ಹಳೆಯ ಅಳತೆಯನ್ನು ಸರಿಯಾಗಿ ಓದುವುದು. 185 ಎಂಬುದು ಮಿಲಿಮೀಟರುಗಳಲ್ಲಿ ಅಗಲ. ರಿಮ್ಮಿನಿಂದ ಮೇಲಿನ ಎತ್ತರವನ್ನು ಬೇರೆಯಾಗಿ ನಮೂದಿಸದಿದ್ದರೆ ಅದು ಅಗಲದ ಶೇ. 80ಕ್ಕಿಂತ ತುಸು ಹೆಚ್ಚು, ಎಂದರೆ ಸುಮಾರು 150 ಮಿ.ಮೀ. ಎಂದು ತಿಳಿಯಬೇಕು. ಇಂದಿನ 195/65 ಆರ್15 ಟೈರಿನ ಎತ್ತರವಾದರೋ 127 ಮಿ.ಮೀ. ಮಾತ್ರ. ಇದನ್ನು ಹಾಕಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 45 ಮಿ.ಮೀ. ತಗ್ಗಿ, ಕಾರು ನೆಲಕ್ಕೆ ಹತ್ತಿರವಾಗುವುದಲ್ಲದೆ, ವೇಗಸೂಚಕದ ಮುಳ್ಳು ನಿಜವಾದ ವೇಗಕ್ಕಿಂತ ಶೇ. 7ರಷ್ಟು ಹೆಚ್ಚು ತೋರಿಸುತ್ತದೆ. ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕಾಗಿ ಬಂದು ದೂರದ ಪ್ರಯಾಣದಲ್ಲಿ ಸದ್ದು ದಣಿಸುತ್ತದೆ. ‘ವಿ’ ಅಕ್ಷರ ಅಂದು ಗಂಟೆಗೆ 210 ಕಿ.ಮೀ.ಗೂ ಮೀರಿದ ವೇಗವನ್ನು ತಾಳುವ ಟೈರಿನ ಗುರುತಾಗಿತ್ತು. ಇಂದು ಅದರ ಮಿತಿ 240. ಇದಕ್ಕಿಂತ ಕೆಳದರ್ಜೆಯ ಟೈರನ್ನು ಈ ಕಾರಿಗೆ ಹಾಕಲೇಬಾರದು.

ಅಗಲವಾದ ಟೈರು ಹೆಚ್ಚು ಹಿಡಿತ ಕೊಡುತ್ತದೆಂಬ ಆಸೆ ಸಹಜವಾದರೂ, ಪವರ್ ಸ್ಟಿಯರಿಂಗ್ ಇಲ್ಲದ ಆರಂಭದ ಕಾರುಗಳಲ್ಲಿ ಅದು ಸ್ಟಿಯರಿಂಗನ್ನು ಭಾರವಾಗಿಸಿ, ಚಕ್ರದ ತಂತಿ ಸ್ಪೋಕುಗಳ ಮೇಲಿನ ಒತ್ತಡವನ್ನು ಹೆಚ್ಚಿಸುತ್ತದೆ. ಪ್ರದರ್ಶನಕ್ಕಾಗಿ ಮೂಲರೂಪವನ್ನೇ ಉಳಿಸಬೇಕೆನ್ನುವವರಿಗೆ ಕ್ರಾಸ್‌ಪ್ಲೈ ಒಪ್ಪುತ್ತದೆ. ಆದರೆ ಅದು ರಸ್ತೆಯ ಗೆರೆ-ಸೀಳುಗಳ ಜಾಡು ಹಿಡಿದು ಅತ್ತಿತ್ತ ಎಳೆಯುವುದರಿಂದ, ನಿಜವಾಗಿ ಪ್ರಯಾಣ ಮಾಡುವವರಿಗೆ ಮೂಲ ಅಳತೆಯ ರೇಡಿಯಲ್ಲೇ ಮೇಲು. ಪಿರೆಲ್ಲಿಯ ಸಿಂಟುರಾಟೊದಂಥ ಹಳೆಯ ಹೆಸರಿನ ಟೈರುಗಳು ಈಗಲೂ ತಯಾರಾಗುತ್ತಿವೆ. ಎರಡು ಬಗೆಯನ್ನು ಬೆರೆಸಕೂಡದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕುವುದನ್ನು ಬ್ರಿಟನ್ನಿನ ಕಾನೂನೇ ನಿಷೇಧಿಸಿದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ನೋಡಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರದ ತಯಾರಿಕೆ. ಹಳೆಯ ಕಾರುಗಳು ಕಡಿಮೆ ಓಡುವುದರಿಂದ ಟೈರು ಸವೆಯುವ ಮೊದಲೇ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಹತ್ತು ವರ್ಷ ದಾಟಿದ ಟೈರನ್ನು ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಬಳಸುವುದನ್ನು ಬ್ರಿಟನ್ 2021ರ ಫೆಬ್ರವರಿಯಿಂದ ನಿಲ್ಲಿಸಿತು. ಕಾರುಗಳಿಗೆ ಆ ನಿಯಮವಿಲ್ಲದಿದ್ದರೂ ಅದೇ ಮಿತಿಯನ್ನು ಪಾಲಿಸುವುದು ಕ್ಷೇಮ. ಸ್ಟೆಪ್ನಿಯ ವಯಸ್ಸನ್ನೂ ನೋಡಲು ಮರೆಯಬಾರದು.

ಸ್ಪೋಕುಗಳು ರಿಮ್ಮನ್ನು ತೂರಿ ಹೋಗಿರುವುದರಿಂದ ಅಲ್ಲಿ ಗಾಳಿ ನಿಲ್ಲದು. ಹಾಗಾಗಿ ಟ್ಯೂಬ್ ಬೇಕೇ ಬೇಕು. ಸ್ಪೋಕಿನ ನಿಪ್ಪಲುಗಳ ಮೇಲೆ ರಬ್ಬರ್ ಪಟ್ಟಿ ಸುತ್ತಿ, ಟೈರಿನ ಒಳಮೈಗೆ ಅಂಟಿರುವ ಕಾಗದದ ಚೀಟಿಯನ್ನು ಪೂರ್ತಿ ಕಿತ್ತು, ಫ್ರೆಂಚ್ ಚಾಕ್ ಪುಡಿ ಸವರಿದ ಮೇಲೆಯೇ ಟ್ಯೂಬನ್ನು ಕೂರಿಸಬೇಕು. ಒಳಗುಳಿದ ಚೂರು ಕಾಗದದ ಅಂಚೂ ಉಜ್ಜಿ ಉಜ್ಜಿ ಟ್ಯೂಬಿಗೆ ತೂತು ಕೊರೆಯಬಲ್ಲದು. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಚಕ್ರವನ್ನು ಮಧ್ಯದಲ್ಲಿ ಹಿಡಿದಿಡುವ ದೊಡ್ಡ ಸ್ಪಿನ್ನರ್ ನಟ್ಟಿನ ತಿರುಪು ಕಾರಿನ ಎಡಬಲಗಳಲ್ಲಿ ಬೇರೆ ಬೇರೆ ದಿಕ್ಕಿನದಾದ್ದರಿಂದ ಅದನ್ನು ಅದಲುಬದಲು ಮಾಡದೆ ಹಾಕಿ, ಕೆಲವು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಬಿಗಿ ನೋಡಬೇಕು.