ಹೊಟ್ಟೆ ಮುಟ್ಟುವ ಮೊದಲು

ಕೊಯಮತ್ತೂರು, ತಿರುಪ್ಪೂರಿನಲ್ಲಿ ಹೌಸ್‌ಸರ್ಜನ್ ಆಗಿರುವ ಮಕ್ಕಳೇ, ಹೊಟ್ಟೆನೋವು ಅಂದ ಕೂಡಲೇ ನೋವಿದ್ದಲ್ಲೇ ಒತ್ತಬೇಡಿ. ಹೊಟ್ಟೆ ಒಮ್ಮೆ ಬಿಗಿಯಾದರೆ ಆಮೇಲೆ ಬೆರಳಿಗೆ ಏನೂ ಸಿಗದು. ಮೊದಲು ನೋಡಿ, ಆಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿ. ಕರುಳಿನ ಸದ್ದಿಲ್ಲ ಅಂತ ಬರೆಯುವ ಮುಂಚೆ 5 ನಿಮಿಷವಾದರೂ ಕಾಯಿರಿ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೊಣಕಾಲು ಮಡಿಸಲು ಹೇಳಿ, ನೋವಿನಿಂದ ದೂರದ ಮೂಲೆಯಲ್ಲಿ ಶುರುಮಾಡಿ. ಕಣ್ಣು ಮುಖದ ಮೇಲಿರಲಿ. 'ಏನೂ ಇಲ್ಲಪ್ಪ' ಅನ್ನುವ ನೇಕಾರರ ಮನೆ ಅಜ್ಜಿಯ ಹುಬ್ಬು ಬೇರೆಯದನ್ನೇ ಹೇಳುತ್ತಿರುತ್ತದೆ. ಇಲ್ಲಿನ ಎಷ್ಟೋ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು, 'ಎಲ್ಲಿ ನೋವಮ್ಮ?' ಅಂದರೆ ಅರ್ಧ ಬಿಗಿ ಅಲ್ಲೇ ಸಡಿಲ. ಇನ್ನೊಂದು, ಲುಂಗಿಯ ಗಂಟು ಬಿಚ್ಚಿಸಲು ನಾಚಿ ತೊಡೆಸಂದು ನೋಡದೆ ಬಿಟ್ಟಿರೋ, ಸಿಕ್ಕಿಕೊಂಡ ಹರ್ನಿಯಾ ಅಲ್ಲೇ ಅಡಗಿ ಕೂತಿರಬಹುದು. ಪರದೆ ಎಳೆಯಿರಿ, ಒಪ್ಪಿಗೆ ಕೇಳಿ, ನೋಡಿ.