ನಾಯಿಯ ತಟ್ಟೆಯಿಂದ ಮೊದಲು ಏನು ತೆಗೆಯಬೇಕು?

ಸಾಂಬಾರ್ ಈರುಳ್ಳಿ, ಬ್ರಾಯ್ಲರ್ ಕೋಳಿ, ಬನಿಯನ್ ಬಟ್ಟೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಹೆಸರನ್ನೂ ಹಣವನ್ನೂ ತಂದುಕೊಟ್ಟ ಈ ಮೂರೂ ಅಲ್ಲಿನ ನಾಯಿಗಳ ಹೊಟ್ಟೆಗೆ ಮಾತ್ರ ಆಗಿಬರುವುದಿಲ್ಲ. ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ. ಬೆಂದ ಕೋಳಿಮೂಳೆ ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ತಿಪ್ಪೆ ಸೇರಿದ ನೂಲು ನುಂಗಿದರೆ ಶಸ್ತ್ರಚಿಕಿತ್ಸೆಯ ತನಕ ಹೋಗುತ್ತದೆ.

ನಾಯಿಯನ್ನು 'ನೈಸರ್ಗಿಕವಾಗಿ' ಸಾಕಬೇಕೆನ್ನುವವರು ಈಗ ಹೆಚ್ಚಾಗಿದ್ದಾರೆ, ಒಳ್ಳೆಯದೇ. ಆದರೆ ಅವರಲ್ಲಿ ಬಹಳ ಮಂದಿ ಶುರುಮಾಡುವುದು ಅಂಗಡಿಯಿಂದ. ಜೀರ್ಣಕ್ಕೊಂದು ಪುಡಿ, ಕೂದಲಿಗೊಂದು ಎಣ್ಣೆ, ರೋಗನಿರೋಧಕ್ಕೊಂದು ಕಷಾಯ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ನಾಯಿಯ ಹೊಟ್ಟೆ ಸರಿಯಿರಬೇಕಾದರೆ ಮೊದಲು ತಟ್ಟೆಯಿಂದ ತೆಗೆಯಬೇಕಾದ್ದನ್ನು ತೆಗೆಯಬೇಕು. ಹಾಕುವ ಮಾತು ಆಮೇಲೆ.

ಒಂದನೆಯ ಕೆಲಸ: ತೆಗೆಯುವುದು

ಈರುಳ್ಳಿಯಿಂದಲೇ ಶುರುಮಾಡೋಣ. ಪಲ್ಲಡಂ, ಧಾರಾಪುರಂ, ತೊಂಡಾಮುತ್ತೂರು ಕಡೆ ಸಣ್ಣ ಈರುಳ್ಳಿ ಹೊಲದ ಬೆಳೆ. ಸಾಂಬಾರು, ಕೊಳಂಬು, ಚಟ್ನಿ ಯಾವುದೂ ಅದಿಲ್ಲದೆ ಆಗುವುದಿಲ್ಲ. ಮನೆಯವರೆಲ್ಲ ಉಂಡ ಮೇಲೆ ಉಳಿದ ಸಾಂಬಾರನ್ನವೇ ನಾಯಿಯ ಪಾಲು. ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಯ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ರಕ್ತದಲ್ಲಿ ಗಂಭೀರ ಬದಲಾವಣೆ ಕಾಣುತ್ತದೆ. ಅಂದರೆ 10 ಕಿಲೋದ ನಾಯಿಗೆ 150 ಗ್ರಾಂ, ಒಂದು ಹಿಡಿಗಿಂತ ತುಸು ಹೆಚ್ಚು. ಬೇಯಿಸಿದರೆ ವಿಷ ಹೋಗುವುದಿಲ್ಲ. ದಿನವೂ ಸ್ವಲ್ಪಸ್ವಲ್ಪ ಹೋದರೂ ಹಾನಿ ಸೇರುತ್ತಲೇ ಇರುತ್ತದೆ. ಲಕ್ಷಣ ತಿಂದ ದಿನವೇ ಕಾಣಬೇಕೆಂದಿಲ್ಲ. ಕೆಲವು ದಿನ ಕಳೆದು ನಾಯಿ ಸುಸ್ತಾಗಿ ಮಲಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗುತ್ತದೆ. ಆ ಹೊತ್ತಿಗೆ ಸಾಂಬಾರನ್ನು ಯಾರೂ ಅನುಮಾನಿಸುವುದಿಲ್ಲ. ಬೆಳ್ಳುಳ್ಳಿಯೂ ಇದೇ ಕುಲದ್ದು, ಇನ್ನೂ ಚುರುಕು. 'ಬೆಳ್ಳುಳ್ಳಿ ಜಜ್ಜಿ ಕೊಟ್ಟರೆ ಹುಳು ಬೀಳುತ್ತದೆ' ಎಂಬ ಮಾತನ್ನು ನಂಬಿ ಕೊಡಬೇಡಿ.

ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತವೆ. ದೀಪಾವಳಿಯ ತುಪ್ಪದ ಸಿಹಿ, ಚಾಕೊಲೇಟ್, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್, ಇವೂ ದೂರವಿರಲಿ.

ತೋಟದ ಮನೆಯವರು ಇನ್ನೆರಡನ್ನು ಗಮನಿಸಬೇಕು. ಒಂದು, ಗಿಡದ ಬುಡಕ್ಕೆ ಹಾಕುವ ಹರಳು ಹಿಂಡಿ. ಅದರ ವಾಸನೆಗೆ ನಾಯಿ ಮಣ್ಣು ಕೆರೆದು ತಿನ್ನುತ್ತದೆ. ಹರಳಿನಲ್ಲಿರುವ ರಿಸಿನ್ ಮಾರಕ ವಿಷ. ರಕ್ತ ಬೆರೆತ ವಾಂತಿ, ಭೇದಿ ಆಗುತ್ತದೆ. ಸಾವಯವ ಗೊಬ್ಬರ ಎಂದ ಮಾತ್ರಕ್ಕೆ ನಾಯಿಗೆ ಸುರಕ್ಷಿತ ಅಂತಲ್ಲ. ಇನ್ನೊಂದು, ಕರೆಯುವ ಹಸುವಿಗೆ ಇಡುವ ಹತ್ತಿಕಾಳು ಮತ್ತು ಅದರ ಹಿಂಡಿ. ಅದರಲ್ಲಿರುವ ಗಾಸಿಪಾಲ್ ಬೆಳೆದ ಹಸುವಿನ ಹೊಟ್ಟೆಯಲ್ಲಿ ಬಹುಮಟ್ಟಿಗೆ ಅಡಗುತ್ತದೆ, ನಾಯಿಯ ಹೊಟ್ಟೆಯಲ್ಲಿ ಹಾಗಾಗದು. ಕೊಟ್ಟಿಗೆಯ ಬಾನಿ ನೆಕ್ಕಲು ನಾಯಿಯನ್ನು ಬಿಡಬೇಡಿ, ಹಿಂಡಿ ಮೂಟೆಯನ್ನು ನೆಲದ ಮೇಲೆ ಬಿಚ್ಚಿಡಬೇಡಿ.

ನೂಲಿನ ವಿಷಯಕ್ಕೆ ಬಂದರೆ ತಿರುಪ್ಪೂರಿನ ಬನಿಯನ್ ಕಂಪನಿಗಳ ಚಿಂದಿ ಮಾತ್ರವಲ್ಲ, ಸಿರುಮುಗೈ ಕಡೆ ಇಂದಿಗೂ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ನೇಕಾರರ ಮಗ್ಗದ ಮನೆಗಳನ್ನೂ ನೆನೆಯಬೇಕು. ಹಲ್ಲು ಬರುವ ವಯಸ್ಸಿನ ಮರಿಗೆ ಸಿಕ್ಕಿದ್ದೆಲ್ಲ ಕಚ್ಚಬೇಕು. ನುಂಗಿದ ಉದ್ದನೆಯ ಎಳೆಯ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ, ಉಳಿದದ್ದು ಮುಂದೆ ಸಾಗುತ್ತಾ ಚಡ್ಡಿಯ ಲಾಡಿ ಎಳೆದ ಹಾಗೆ ಕರುಳನ್ನು ನೆರಿಗೆಗಟ್ಟಿಸುತ್ತದೆ, ಕೊನೆಗೆ ಕೊಯ್ಯುತ್ತದೆ. ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಲೇಬಾರದು. ಹಾಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಎರಡನೆಯದು: ಹುಳು

ಬೇವಿನ ಸೊಪ್ಪು, ಅರಿಶಿನ, ಪಪ್ಪಾಯಿ ಬೀಜ, ಕುಂಬಳ ಬೀಜ, ಇವುಗಳ ಮೇಲೆ ಭರವಸೆಯಿಟ್ಟು ಜಂತಿನ ಮಾತ್ರೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದನ್ನು ಕಷಾಯದಲ್ಲಿ ಹೊರಹಾಕುತ್ತೇವೆಂದು ಕಾಯುತ್ತಾ ಕೂತರೆ ಸಣ್ಣ ಮರಿ ಸಾಯುತ್ತದೆ. ಮರಿಗೆ ಎರಡು ವಾರವಾದಾಗ ಮೊದಲ ಔಷಧ, ಎಂಟು ವಾರವಾಗುವ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ. ಪ್ರಮಾಣ ತೂಕದ ಮೇಲೆ ನಿಂತಿದೆ, ಹಾಗಾಗಿ ಮೊದಲು ತೂಗಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದರಾಯಿತು.

ಗುದದ ಸುತ್ತ, ಮಲಗುವ ಗೋಣಿಯ ಮೇಲೆ ಅಕ್ಕಿಕಾಳಿನಂಥದ್ದು ಕಂಡರೆ ಲಾಡಿಹುಳು. ಅದನ್ನು ಹರಡುವುದು ಚಿಗಟ. ಚಿಗಟ ಉಳಿಸಿಕೊಂಡು ಮಾತ್ರೆ ಮಾತ್ರ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ.

ಕಾಂಗೇಯಂ, ವೆಳ್ಳಕೋಯಿಲ್, ಧಾರಾಪುರಂ ಕಡೆಯ ಕುರಿ ಸಾಕುವವರಿಗೆ ಒಂದು ವಿಶೇಷ ಮಾತು. ಕುರಿ ಕೊಯ್ದಾಗ ನೀರುಗುಳ್ಳೆ ತುಂಬಿದ ಪಿತ್ತಜನಕಾಂಗ, ಪುಪ್ಪುಸ ಸಿಕ್ಕರೆ ಅದನ್ನು ನಾಯಿಗೆ ಎಸೆಯುವುದು ರೂಢಿ. ಆ ಗುಳ್ಳೆಯಲ್ಲಿರುವುದು ಒಂದು ಜಾತಿಯ ಲಾಡಿಹುಳುವಿನ ಮರಿ. ಅದು ನಾಯಿಯ ಕರುಳಲ್ಲಿ ಬೆಳೆದು ಮೊಟ್ಟೆಯಿಡುತ್ತದೆ; ಮೊಟ್ಟೆ ನಾಯಿಯ ಮಲದಿಂದ ಮೇವಿಗೆ, ಕುರಿಗೆ, ಕೈತೊಳೆಯದ ಮನುಷ್ಯನಿಗೂ ದಾಟುತ್ತದೆ. ನಾಯಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಗುಳ್ಳೆ ಬೆಳೆಯುವುದು ಮನುಷ್ಯನ ಪಿತ್ತಜನಕಾಂಗದಲ್ಲಿ. ಅಂಥ ಮಾಂಸವನ್ನು ಸುಡಿ, ಇಲ್ಲವೇ ಆಳವಾಗಿ ಹೂಳಿ.

ಮೂರನೆಯದು: ಏನು ಹಾಕಬೇಕು

ನಾಯಿ ತೋಳದ ಸಂತತಿ, ಅದಕ್ಕೆ ಧಾನ್ಯ ಒಗ್ಗುವುದಿಲ್ಲ ಎಂಬ ವಾದ ಈಚೆಗೆ ಜೋರಾಗಿದೆ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು: ಪಿಷ್ಟ ಅರಗಿಸುವ ಕಿಣ್ವದ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯನ ಒಲೆಯ ಪಕ್ಕ ಬಾಳಿದ ಪ್ರಾಣಿ ಅದು. ಚೆನ್ನಾಗಿ ಬೆಂದ ಅನ್ನ, ಸಜ್ಜೆ, ರಾಗಿ ಅದಕ್ಕೆ ಅರಗುತ್ತದೆ. ಆದರೆ ಬರೀ ಮೊಸರನ್ನದಲ್ಲಿ ಬೆಳೆದ ನಾಯಿಗೆ ಪ್ರೋಟೀನು ಸಾಲದು, ಸುಣ್ಣದಂಶ ಸಾಲದು. ಮೊಟ್ಟೆ, ಮೂಳೆಯಿಲ್ಲದ ಕೋಳಿ, ಮೀನು ಇವುಗಳಲ್ಲಿ ಒಂದಾದರೂ ದಿನವೂ ಇರಬೇಕು. ಪೂರ್ತಿ ಮನೆಯೂಟವೇ ಆದರೆ ಕ್ಯಾಲ್ಸಿಯಂ ಎಷ್ಟು ಸೇರಿಸಬೇಕೆಂದು ಡಾಕ್ಟರನ್ನು ಕೇಳಿ. ಪಲ್ಲಡಂ ಕೋಳಿ ಅಗ್ಗವಾಗಿ ಸಿಗುವ ಕಡೆ ಇಂಥ ಊಟ ಹಾಕುವುದು ಕಷ್ಟವೇನಲ್ಲ.

'ನಾಟಿ ನಾಯಿಗೆ ಏನು ಹಾಕಿದರೂ ಅರಗುತ್ತದೆ' ಎನ್ನುವವರಿದ್ದಾರೆ. ಬದುಕುಳಿದವನ್ನು ನೋಡಿ ಹೇಳುವ ಮಾತದು, ಸತ್ತವನ್ನು ಯಾರೂ ಲೆಕ್ಕವಿಟ್ಟಿಲ್ಲ.

ನಾಯಿಯ ಪಾಲನ್ನು ಉಪ್ಪು, ಖಾರ, ಒಗ್ಗರಣೆ ಬೀಳುವ ಮುಂಚೆಯೇ ತೆಗೆದಿಡಿ. ಇದೊಂದು ಅಭ್ಯಾಸ ಹತ್ತು ಪುಡಿಗಳಿಗೆ ಸಮ. ಬೇಯಿಸಿದ ಸಿಹಿಕುಂಬಳ 10 ಕಿಲೋದ ನಾಯಿಗೆ ಒಂದೆರಡು ದೊಡ್ಡ ಚಮಚ ಸಾಕು. ಅದರ ನಾರು ಮಲವನ್ನು ಹದಕ್ಕೆ ತರುತ್ತದೆ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ, ಆದ್ದರಿಂದ ಹಾಲಿಗಿಂತ ಉಪ್ಪು, ಇಂಗು ಹಾಕದ ಎರಡು ಚಮಚ ಮೊಸರು ಮೇಲು. ಪೊಳ್ಳಾಚಿಯ ಕೊಬ್ಬರಿ ಎಣ್ಣೆಯನ್ನು ಊಟಕ್ಕೆ ಸುರಿಯಬೇಡಿ. ಜಿಡ್ಡು ಹೆಚ್ಚಾದರೆ ಭೇದಿ, ಕೆಲವಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ.

ಊಟ ಬದಲಿಸುವುದಿದ್ದರೆ ಒಂದು ವಾರ ಹಿಡಿಯಲಿ. ಮೊದಲೆರಡು ದಿನ ಕಾಲುಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ನೀರು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50–60 ಮಿಲಿಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬಟ್ಟಲನ್ನು ದಿನವೂ ಉಜ್ಜಿ ತೊಳೆಯಿರಿ.

ಹೊಟ್ಟೆ ಕೆಟ್ಟರೆ

ಬೆಳೆದ ನಾಯಿ ಒಂದೆರಡು ಸಲ ತೆಳ್ಳಗೆ ಹೋಗಿದೆ, ಆದರೆ ಚುರುಕಾಗಿದೆ, ನೀರು ಕುಡಿಯುತ್ತಿದೆ ಎಂದಾದರೆ ಒಂದು ದಿನ ಮನೆಯಲ್ಲೇ ನೋಡಬಹುದು. ಎರಡು ಪಾಲು ಮೆತ್ತಗೆ ಬೆಂದ ಅನ್ನ, ಒಂದು ಪಾಲು ಚರ್ಮ ತೆಗೆದು ಬರೀ ನೀರಲ್ಲಿ ಬೇಯಿಸಿದ ಕೋಳಿ. ಉಪ್ಪಿಲ್ಲ, ಎಣ್ಣೆಯಿಲ್ಲ. ದಿನದ ಪಾಲನ್ನು ನಾಲ್ಕು ಹೊತ್ತಿಗೆ ಹಂಚಿ ಕೊಡಿ. ಮಲ ಗಟ್ಟಿಯಾದ ಮೇಲೆ ಮೂರ್ನಾಲ್ಕು ದಿನದಲ್ಲಿ ಹಳೆಯ ಊಟಕ್ಕೆ ಮರಳಿ. ಎಳನೀರು ಈ ಸೀಮೆಯಲ್ಲಿ ಕೈಗೆಟಕುವ ಮದ್ದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೋದದ್ದನ್ನು ಅದು ತುಂಬಿಕೊಡುವುದಿಲ್ಲ, ಮೂತ್ರಪಿಂಡದ ತೊಂದರೆಯಿರುವ ನಾಯಿಗೆ ಅಪಾಯವೂ ಹೌದು. ನಮ್ಮ ಪ್ಯಾರಸಿಟಮಾಲ್, ನೋವಿನ ಮಾತ್ರೆ, ಭೇದಿ ಕಟ್ಟುವ ಮಾತ್ರೆ ಯಾವುದನ್ನೂ ಕೊಡಬೇಡಿ.

ಬೆರಳಿನಿಂದ ಒಸಡನ್ನು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ತಿರುಗಬೇಕು. ಒಸಡು ಒಣಗಿ ಅಂಟಂಟಾಗಿದ್ದರೆ, ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟಾಗ ನಿಧಾನಕ್ಕೆ ಕೂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಮಲ ಡಾಂಬರಿನಂತೆ ಕಪ್ಪಗಿದ್ದರೆ ಮೇಲ್ಗರುಳಲ್ಲಿ ರಕ್ತ, ಸೀಮೆಸುಣ್ಣದಂತೆ ಬೆಳ್ಳಗಿದ್ದರೆ ಮೂಳೆ ಅತಿಯಾಗಿದೆ.

ಇನ್ನು ಕೆಲವಕ್ಕೆ ಕಾಯುವ ಮಾತೇ ಇಲ್ಲ. ಆರು ತಿಂಗಳೊಳಗಿನ ಮರಿ ವಾಂತಿ ಮಾಡಿ, ರಕ್ತ ಬೆರೆತ ನಾರುವ ಭೇದಿ ಶುರುವಾದರೆ ಅದು ಪಾರ್ವೊ ಎಂಬ ವೈರಸ್ ರೋಗವೆಂದೇ ತಿಳಿದು ಆ ಗಂಟೆಯೇ ಹೊರಡಿ. ಲಸಿಕೆ ಹಾಕಿಸದ ಮರಿಗಂತೂ ಪ್ರತಿ ಗಂಟೆಯೂ ಮುಖ್ಯ. ಈ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳ ಎದೆಯ ದೊಡ್ಡ ನಾಯಿ ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಅದಕ್ಕೆ ಮನೆಮದ್ದೇ ಇಲ್ಲ.

ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ ಎಷ್ಟು ಹೊತ್ತಿಗೆ ತೆರೆಯುತ್ತದೆ, ರಾತ್ರಿ ಯಾವ ಖಾಸಗಿ ಡಾಕ್ಟರು ಫೋನ್ ಎತ್ತುತ್ತಾರೆ ಎಂದು ನಾಯಿ ಚೆನ್ನಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ತಿರುಪ್ಪೂರು ಜಿಲ್ಲೆಯವರಿಗೆ ಉಡುಮಲಪೇಟೆಯಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜೇ ಇದೆ. ಹೋಗುವಾಗ ಅಂದಿನ ಮಲವನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಮುಜುಗರ ಬೇಡ, ನಾಯಿಯ ಹೊಟ್ಟೆಯಲ್ಲಿ ಯಾವ ಹುಳುವಿದೆ ಎಂಬುದನ್ನು ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ್ದು ಅದರಲ್ಲೇ.